ಗಾಯರಾಣದ ಹುಲ್ಲು ಮತ್ತು ಗೊಡ್ಡು ಆಕಳು: ೧೯೨೮ರ ಒಂದು ವಾದದ ವಿಮರ್ಶೆ

೧

ಭಾರತದ ಕೃಷಿಸ್ಥಿತಿಯನ್ನು ವಿಚಾರಿಸುವುದಕ್ಕಾಗಿ ೧೯೨೬ರಲ್ಲಿ ನೇಮಕವಾದ ರಾಯಲ್ ಆಯೋಗವು ಲಿನ್‌ಲಿತ್‌ಗೋ ಪ್ರಭುವಿನ ಅಧ್ಯಕ್ಷತೆಯಲ್ಲಿ ತನ್ನ ವರದಿಯನ್ನು ೧೯೨೮ರಲ್ಲಿ ಸಲ್ಲಿಸಿತು. ಈ ವರದಿಯ ಪಶುಪಾಲನೆಯ ಅಧ್ಯಾಯದಲ್ಲಿ ಒಂದು ಪ್ರಸಿದ್ಧ ವಾದವಿದೆ. ಕೃಷಿಯ ಇತಿಹಾಸವನ್ನು ಬರೆದವರಲ್ಲಿ ಅನೇಕರು ಅದನ್ನು ಪುನರುಚ್ಚರಿಸಿದ್ದಾರೆ. ಕಾಲೇಜಿನ ಪಾಠಗಳಲ್ಲಿಯೂ ಅದು ಸಿದ್ಧಾಂತವೆಂಬಂತೆ ಬಳಕೆಯಾಗುತ್ತ ಬಂದಿದೆ. ಅದೇ ೧೯೨೮ರಲ್ಲಿ ದಕ್ಷಿಣ ಆಫ್ರಿಕೆಯ ಪಶುವೈದ್ಯ ವಿಜ್ಞಾನಿ ಆರ್ನಲ್ಡ್ ಥೈಲರ್ ಅವರೂ ಅವರ ಸಹೋದ್ಯೋಗಿಗಳೂ ಒಂದು ಪ್ರಬಂಧವನ್ನು ಪ್ರಕಟಿಸಿದರು. ರಂಜಕದ, ಎಂದರೆ ಫಾಸ್ಫರಸ್ಸಿನ, ಕೊರತೆಯುಳ್ಳ ಹುಲ್ಲುಗಾವಲಿನಲ್ಲಿ ಮೇಯುವ ಆಕಳುಗಳ ಸಂತಾನೋತ್ಪತ್ತಿ ಅದರ ವಿಷಯ. ಈ ಎರಡು ಬರಹಗಳಲ್ಲಿ ಮೊದಲನೆಯದು ಇತಿಹಾಸಕಾರರ ಕೈಸೇರಿತು. ಎರಡನೆಯದು ಪಶುವೈದ್ಯರ ಕಪಾಟಿನಲ್ಲಿ ಉಳಿಯಿತು. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ಮೊದಲನೆಯದರ ಬೆಲೆ ಎಷ್ಟು, ಅದರ ಕೊರತೆ ಎಲ್ಲಿ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ದೃಷ್ಟಾಂತಕ್ಕಾಗಿ ಅಥಣಿ ತಾಲ್ಲೂಕಿನಲ್ಲಿ ಕೃಷ್ಣಾನದಿಯ ದಡದಲ್ಲಿರುವ ಸತ್ತಿ ಗ್ರಾಮದ ಸೀಮೆಯನ್ನು ತೆಗೆದುಕೊಳ್ಳಲಾಗಿದೆ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ಆಕಳು ಬೆದೆಗೆ ಬಾರದೆ, ಅಥವಾ ಗಬ್ಬ ನಿಲ್ಲದೆ, ಒಂದು ವರ್ಷ ಕಳೆದರೆ ಸಣ್ಣ ಹಿಡುವಳಿಯ ಮನೆಯಲ್ಲಿ ಹಾಲು ನಿಲ್ಲುತ್ತದೆ, ಮೇವಿನ ವೆಚ್ಚ ನಿಲ್ಲುವುದಿಲ್ಲ. ಎರಡನೆಯ ವರ್ಷವೂ ಹಾಗೆಯೇ ಕಳೆದರೆ ‘ಗೊಡ್ಡು’ ಎಂಬ ಹೆಸರು ಹೊತ್ತು ಆ ಆಕಳು ಸಂತೆಗೆ ಹೋಗುತ್ತದೆ. ಇಂತಹ ಹಾನಿಗೆ ಕಾರಣವಾವುದೆಂದು ನಾವು ಹೇಳುವ ಮಾತಿನ ಮೇಲೆ ದೋಷ ಯಾರದೆಂಬುದು ನಿರ್ಧಾರವಾಗುತ್ತದೆ. ದನಗಳ ಸಂಖ್ಯೆಯೇ ಕಾರಣವೆಂದರೆ ದೋಷ ಬಹಳ ದನಗಳನ್ನು ಕಟ್ಟಿದ ರೈತನದು. ತಳಿ ಕಾರಣವೆಂದರೆ ದೋಷ ಆಕಳಿನದು. ಹುಲ್ಲು ಕಾರಣವೆಂದರೆ, ಹುಲ್ಲಿಗಾಗಿ ಎಂತಹ ನೆಲವನ್ನು ಬಿಡಬೇಕೆಂದು ನಿರ್ಣಯಿಸಿದವರನ್ನೂ ವಿಚಾರಣೆಗೆ ಒಳಪಡಿಸಬೇಕಾಗುತ್ತದೆ. ಈ ಮೂರನೆಯ ವಿಚಾರಣೆ ನಮ್ಮ ಇತಿಹಾಸಲೇಖನದಲ್ಲಿ ಬಹುಮಟ್ಟಿಗೆ ನಡೆದಿಲ್ಲ.

೨

ಆಯೋಗದ ವಾದದ ಸಾರಾಂಶ ಹೀಗಿದೆ. ಒಂದು ಪ್ರದೇಶದ ದನಗಳ ಸಂಖ್ಯೆ ಎತ್ತುಗಳ ಬೇಡಿಕೆಯನ್ನು ಅನುಸರಿಸುತ್ತದೆ. ದನಗಳನ್ನು ಸಾಕುವ ಪರಿಸ್ಥಿತಿ ಕೆಟ್ಟಷ್ಟೂ ರೈತನು ಇಟ್ಟುಕೊಳ್ಳುವ ದನಗಳು ಹೆಚ್ಚುತ್ತವೆ. ಏಕೆಂದರೆ ಮೇವು ಸಾಲದ ಆಕಳು ವಿರಳವಾಗಿ ಈಯುತ್ತದೆ; ಈದ ಕರು ಗಿಡ್ಡವಾಗಿ ಉಳಿಯುತ್ತದೆ; ಅಂತಹ ಕರುವಿನಿಂದ ನೇಗಿಲಿಗೆ ತಕ್ಕ ಎತ್ತು ದೊರೆಯದೆ ರೈತನು ಮತ್ತಷ್ಟು ಆಕಳುಗಳನ್ನು ಸಾಕಲು ತೊಡಗುತ್ತಾನೆ. ಸಂಖ್ಯೆ ಏರಿದಂತೆಯೂ ಸಾಗುವಳಿಯು ಒಳ್ಳೆಯ ಹುಲ್ಲುನೆಲವನ್ನು ಆಕ್ರಮಿಸಿದಂತೆಯೂ ಇದ್ದ ಮೇವಿನ ಮೇಲೆ ಒತ್ತಡ ಬಿದ್ದು ಆಕಳು ಇನ್ನೂ ಸೊರಗುತ್ತದೆ. ಹೀಗೆ ಚಕ್ರವು ತಿರುಗುತ್ತಲೇ ಇರುತ್ತದೆ.

ಈ ವಾದದ ಗುಣಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಬಹಳ ದನಗಳನ್ನು ಸಾಕುವ ರೈತನನ್ನು ಅವಿವೇಕಿಯೆಂದು ಇದು ಕರೆಯುವುದಿಲ್ಲ. ಅವನು ಹಾಗೆ ಮಾಡುವುದಕ್ಕೆ ಒಂದು ಕಾರಣವಿದೆಯೆಂದು ತೋರಿಸುತ್ತದೆ. ಆಕಳಿನ ಫಲವತ್ತತೆಯು ಆಕಳು ತಿನ್ನುವ ಮೇವಿಗೆ ಅಧೀನವೆಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ. ಸಾಗುವಳಿಯು ವಿಸ್ತರಿಸಿದುದರಿಂದ ಒಳ್ಳೆಯ ಹುಲ್ಲುನೆಲ ಹೋಯಿತೆಂಬುದನ್ನೂ ಮರೆಯುವುದಿಲ್ಲ. ಹುಲ್ಲುನೆಲದ ವಿಸ್ತಾರವನ್ನು ಇನ್ನು ಹೆಚ್ಚಿಸುವುದು ಕಷ್ಟವೆಂದೂ ಇರುವ ನೆಲದ ಉತ್ಪನ್ನವನ್ನೇ ಹೆಚ್ಚಿಸಬೇಕೆಂದೂ ಆಯೋಗವು ಸೂಚಿಸಿತು. ಪಶುಗಳ ಆಹಾರವನ್ನು ಕುರಿತ ಸಂಶೋಧನೆ ಮುಂದುವರಿಯಬೇಕೆಂಬ ಅಭಿಪ್ರಾಯವೂ ಅದಕ್ಕಿತ್ತು. ಅಂತಹ ಸಂಶೋಧನೆಯು ೧೯೨೦ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಎಫ್. ಜೆ. ವಾರ್ಥ್ ಎಂಬ ರಸಾಯನಶಾಸ್ತ್ರಜ್ಞರ ಕೈಕೆಳಗೆ ನಡೆಯುತ್ತಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಆದುದರಿಂದ ಆಯೋಗವು ವಿಜ್ಞಾನವನ್ನು ಅಲಕ್ಷಿಸಿತೆಂದು ಆರೋಪಿಸುವುದು ಸರಿಯಲ್ಲ.

ಆದರೆ ವರದಿಯಿಂದ ಮುಂದಿನವರು ಎತ್ತಿಕೊಂಡದ್ದು ಆ ಸಂಶೋಧನೆಯ ಸೂಚನೆಯನ್ನಲ್ಲ, ಚಕ್ರದ ಚಿತ್ರವನ್ನು. ಆ ಚಿತ್ರದಲ್ಲಿಯೂ ಅವರು ಮುಖ್ಯವಾಗಿ ನೋಡಿದ್ದು ಸಂಖ್ಯೆಯನ್ನು. ಸಾಗುವಳಿಯ ನೂರು ಎಕರೆಗೆ ಎಷ್ಟು ದನಗಳೆಂದು ಲೆಕ್ಕ ಹಾಕಿ ಹಾಲೆಂಡ್ ಮತ್ತು ಈಜಿಪ್ಟ್ ದೇಶಗಳೊಡನೆ ಹೋಲಿಸುವ ಪದ್ಧತಿಯು ಆ ವರದಿಯಿಂದಲೇ ಪ್ರಚಾರವಾಯಿತು. ಸ್ವಾತಂತ್ರ್ಯಾನಂತರವೂ ಚರ್ಚೆ ಅದೇ ಜಾಡಿನಲ್ಲಿ ಸಾಗಿತು. ವಿ. ಎಂ. ದಾಂಡೇಕರ್ ಅವರು ೧೯೬೪ರಲ್ಲಿ ಪಶು ಅಭಿವೃದ್ಧಿಯ ಸಮಸ್ಯೆಯನ್ನು ಸಂಖ್ಯೆಯ ಸಮಸ್ಯೆಯೆಂದೇ ವಿವೇಚಿಸಿದರು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ವಿನ್ ಹ್ಯಾರಿಸ್ ೧೯೬೬ರಲ್ಲಿ ಭಾರತದ ದನಗಳು ನಿರುಪಯುಕ್ತವಲ್ಲವೆಂದು ವಾದಿಸಿದಾಗಲೂ, ೧೯೬೯ರಲ್ಲಿ ಕೆ. ಎನ್. ರಾಜ್, ೧೯೭೧ರಲ್ಲಿ ಅಲನ್ ಹೆಸ್ಟನ್ ಆ ವಾದದಲ್ಲಿ ಸೇರಿಕೊಂಡಾಗಲೂ, ವಿವಾದದ ತಿರುಳು ದನಗಳು ಹೆಚ್ಚಾಗಿವೆಯೋ ಇಲ್ಲವೋ ಎಂಬುದೇ ಆಗಿತ್ತು. ಉಭಯಪಕ್ಷದವರೂ ಮೇವನ್ನು ಒಂದು ರಾಶಿಯೆಂದು ಭಾವಿಸಿದರು. ಆ ರಾಶಿಯೊಳಗೆ ಏನಿದೆ, ಏನಿಲ್ಲ ಎಂಬ ಪ್ರಶ್ನೆ ಮುಂದೆ ಬರಲಿಲ್ಲ.

ಸಂಖ್ಯೆಯ ವಾದಕ್ಕೆ ಪರ್ಯಾಯವಾಗಿ ನಮ್ಮ ಸೀಮೆಯಲ್ಲಿ ತಳಿಯ ವಾದವೊಂದು ಪ್ರಚಾರದಲ್ಲಿದೆ. ಅಥಣಿಯ ಎರಿ ಭೂಮಿಯು ಕೃಷ್ಣಾ ಕಣಿವೆ ತಳಿಯ ತವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಾಂಗ್ಲಿ ಮೊದಲಾದ ದಕ್ಷಿಣ ಮರಾಠಾ ಸಂಸ್ಥಾನಗಳ ಆಶ್ರಯದಲ್ಲಿ ಗೀರ್, ಓಂಗೋಲ್ ಮತ್ತು ಮೈಸೂರು ಜಾತಿಯ ರಕ್ತವನ್ನು ಸ್ಥಳೀಯ ದನಗಳಲ್ಲಿ ಕೂಡಿಸಿ ಬೆಳೆಸಿದ ಈ ತಳಿಯ ಎತ್ತುಗಳು ಅಂಟುಮಣ್ಣಿನ ಆಳವಾದ ಉಳುಮೆಗೆ ಹೆಸರಾಗಿದ್ದುವು. ಇಂದು ಈ ತಳಿ ಅಳಿವಿನ ಅಂಚಿನಲ್ಲಿದೆ. ಇದರ ಇತಿಹಾಸವನ್ನು ಹೇಳುವವರು ಯಾವ ಸಂಸ್ಥಾನಿಕರು ಎಲ್ಲಿಂದ ಹೋರಿಗಳನ್ನು ತರಿಸಿದರೆಂಬುದನ್ನು ಹೇಳುತ್ತಾರೆ. ಆ ಹೋರಿಗಳ ಸಂತತಿಯು ಯಾವ ನೆಲದಲ್ಲಿ ಮೇಯಿತೆಂಬುದನ್ನು ಹೇಳುವುದಿಲ್ಲ. ಸಂಖ್ಯೆಯ ವಾದಕ್ಕೂ ರಕ್ತದ ವಾದಕ್ಕೂ ಈ ಒಂದು ಕೊರತೆ ಸಮಾನವಾಗಿದೆ.

೩

ಈಗ ನೆಲದ ಕಡೆಗೆ ತಿರುಗೋಣ. ಸತ್ತಿಯಂತಹ ನದೀತೀರದ ಗ್ರಾಮಗಳ ಸೀಮೆಯಲ್ಲಿ ನದಿಯಿಂದ ಮೇಲಕ್ಕೆ ನಡೆದಂತೆ ಮಣ್ಣು ಬದಲಾಗುತ್ತದೆ. ದಡದ ಬಳಿ ಆಳವಾದ ಎರಿ. ಮೇಲೆ ತೆಳುವಾದ, ಕಲ್ಲುಮರಡಿ ಬೆರೆತ ಮಡ್ಡಿ. ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಯಲ್ಲಿ ಜೋಳ ಬೆಳೆಯುವ ಎರಿಗೂ ಹುಲ್ಲು ಬೆಳೆಯುವ ಮಡ್ಡಿಗೂ ಇರುವ ಅಂತರ ರೈತರಿಗೆ ತಿಳಿಯದ ವಿಷಯವಲ್ಲ.

ಈ ಅಂತರವನ್ನು ಸರಕಾರದ ದಾಖಲೆಗೆ ಇಳಿಸಿದ್ದು ಮುಂಬಯಿ ಇಲಾಖೆಯ ಭೂಮಾಪನ. ಗೋಲ್ಡ್‌ಸ್ಮಿಡ್, ವಿಂಗೇಟ್ ಮತ್ತು ಡೇವಿಡ್‌ಸನ್ ಇವರು ೧೮೪೭ರಲ್ಲಿ ಸಲ್ಲಿಸಿದ ಜಂಟಿ ವರದಿಯು ಆ ಭೂಮಾಪನದ ನಿಯಮಗಳನ್ನು ಸ್ಥಿರಪಡಿಸಿತು. ದಕ್ಷಿಣ ಮರಾಠಾ ಸೀಮೆಯ ಮೋಜಣಿಯ ಮೇಲ್ವಿಚಾರಣೆಯನ್ನು ವಿಂಗೇಟ್ ಅವರೇ ವಹಿಸಿದ್ದರು. ಮಣ್ಣಿನ ಬಣ್ಣ ಮತ್ತು ಆಳಗಳನ್ನು ನೋಡಿ ಭೂಮಿಯನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿ, ಮೊದಲನೆಯ ದರ್ಜೆಗೆ ೧೬ ಆಣೆ, ಒಂಬತ್ತನೆಯದಕ್ಕೆ ೨ ಆಣೆ ಎಂಬಂತೆ ಬೆಲೆಗಟ್ಟಲಾಯಿತು. ಮಣ್ಣಿನಲ್ಲಿ ಸುಣ್ಣದ ಹರಳು, ಮರಳು, ಇಳಿಜಾರು ಮುಂತಾದ ದೋಷಗಳಿದ್ದರೆ ಬೆಲೆಯನ್ನು ಇಳಿಸುವ ಕ್ರಮವೂ ಇತ್ತು. ಸಾಗುವಳಿಗೆ ಬಾರದ ನೆಲವನ್ನು ಖರಾಬು ಎಂದು ಬರೆದು ಬಿಟ್ಟರು.

೧೮೭೯ರ ಮುಂಬಯಿ ಭೂಕಂದಾಯ ಸಂಹಿತೆಯು ಗ್ರಾಮದ ದನಗಳಿಗಾಗಿ ಬಿಟ್ಟಿ ಮೇವಿನ ನೆಲವನ್ನು ಪ್ರತ್ಯೇಕಿಸಿ ಇಡುವುದಕ್ಕೆ ಅವಕಾಶ ಕೊಟ್ಟಿತು. ಇದನ್ನೇ ನಮ್ಮ ಸೀಮೆಯವರು ಗಾಯರಾಣವೆನ್ನುತ್ತಾರೆ. ಹಳೆಯ ಮೈಸೂರಿನಲ್ಲಿ ಗೋಮಾಳವೆನ್ನುವುದು ರೂಢಿ. ಕಂದಾಯವನ್ನೇ ಲಕ್ಷ್ಯದಲ್ಲಿಟ್ಟುಕೊಂಡ ಆಡಳಿತವು ೧೨ ಆಣೆಯ ಎರಿಯನ್ನು ಹುಲ್ಲಿಗೆ ಬಿಡುವ ಸಂಭವ ಕಡಿಮೆ. ಸಾಮಾನ್ಯವಾಗಿ ಹುಲ್ಲಿಗೆ ಉಳಿದದ್ದು ನೇಗಿಲು ಹೂಡಲು ಒಲ್ಲದ ಮಡ್ಡಿ ಮತ್ತು ಖರಾಬು. ಹೀಗೆ ಗ್ರಾಮದಲ್ಲಿ ಅತ್ಯಂತ ಬಡವಾದ ಮಣ್ಣು ದನಗಳ ಪಾಲಿಗೆ ಬಂದದ್ದು ಪ್ರಕೃತಿಯಿಂದಲ್ಲ, ಭೂಮಾಪನದ ವಿಂಗಡಣೆಯಿಂದ. ಇಲ್ಲಿ ಇತಿಹಾಸದ ಅಭ್ಯಾಸಿಗೆ ಒಂದು ತೊಡಕೂ ಇದೆ. ದರ್ಜೆ ಗೊತ್ತುಪಡಿಸಿದ ಹೊಲದ ಮಣ್ಣಿನ ವಿವರ ದಾಖಲೆಯಲ್ಲಿ ದೊರೆಯುತ್ತದೆ. ಖರಾಬೆಂದು ಬಿಟ್ಟ ನೆಲದ ವಿವರ ದೊರೆಯುವುದಿಲ್ಲ. ಆಕಳು ಎಲ್ಲಿ ಮೇಯಿತೋ ಅಲ್ಲಿಯೇ ದಾಖಲೆ ಮೌನವಾಗಿದೆ.

ಸ್ವಾತಂತ್ರ್ಯಾನಂತರವೂ ಈ ದೃಷ್ಟಿ ಬದಲಾಗಲಿಲ್ಲ. ೧೯೬೪ರ ಭೂಕಂದಾಯ ಅಧಿನಿಯಮವನ್ನು ಅನುಸರಿಸಿ ೧೯೬೬ರಲ್ಲಿ ಬಂದ ನಮ್ಮ ರಾಜ್ಯದ ನಿಯಮಗಳು ಪ್ರತಿ ನೂರು ದನಗಳಿಗೆ ೧೨ ಹೆಕ್ಟೇರಿನಂತೆ ಬಿಟ್ಟಿ ಮೇವಿನ ನೆಲವನ್ನು ಕಾದಿಡಬೇಕೆಂದು ವಿಧಿಸುತ್ತವೆ. ಈ ನಿಯಮದ ಉದ್ದೇಶ ಶ್ಲಾಘ್ಯ. ಆದರೆ ಇದರಲ್ಲಿಯೂ ಇರುವುದು ಎರಡೇ ಅಂಕೆಗಳು, ದನಗಳದೊಂದು ಮತ್ತು ಹೆಕ್ಟೇರುಗಳದೊಂದು. ೧೨ ಹೆಕ್ಟೇರು ಎರಿಯೂ ೧೨ ಹೆಕ್ಟೇರು ಮಡ್ಡಿಯೂ ಈ ಲೆಕ್ಕದಲ್ಲಿ ಸಮಾನ. ರಾಯಲ್ ಆಯೋಗದ ಚಕ್ರವು ನಿಂತಿರುವುದೂ ಈ ಎರಡು ಅಂಕೆಗಳ ಮೇಲೆಯೇ.

೪

ಥೈಲರ್ ಅವರ ಪ್ರಬಂಧವು ಬೇರೊಂದು ಜಗತ್ತಿನಿಂದ ಬಂದದ್ದು. ದಕ್ಷಿಣ ಆಫ್ರಿಕೆಯ ಫ್ರೈಬರ್ಗ್ ಪಟ್ಟಣದ ಬಳಿಯ ಆರ್ಮೂಡ್ಸ್‌ವ್ಲಾಕ್ಟೆ ಎಂಬ ಸ್ಥಳದಲ್ಲಿ ನೆಲ ವಿಶಾಲವಾಗಿತ್ತು, ಹುಲ್ಲೂ ಇತ್ತು. ಆದರೂ ದನಗಳು ಸೊರಗುತ್ತಿದ್ದುವು, ಬಿದ್ದ ಎಲುಬುಗಳನ್ನು ಹುಡುಕಿ ಕಡಿಯುತ್ತಿದ್ದುವು, ಕೊಳೆತ ಎಲುಬಿನ ವಿಷದಿಂದ ಕಾಲುಗಳ ಶಕ್ತಿ ಉಡುಗಿ ಸಾಯುತ್ತಿದ್ದುವು. ಎಲುಬು ಕಡಿಯುವ ಚಪಲಕ್ಕೆ ಮೂಲಕಾರಣವು ಹುಲ್ಲಿನಲ್ಲಿ ರಂಜಕದ ಅಭಾವವೆಂದು ಥೈಲರ್ ಅವರ ತಂಡ ೧೯೨೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟಿತು. ಅನಂತರ ಅವರು ಒಂದು ಗುಂಪಿನ ಆಕಳುಗಳಿಗೆ ಎಲುಬಿನ ಹಿಟ್ಟನ್ನು ತಿನ್ನಿಸಿ, ಇನ್ನೊಂದು ಗುಂಪಿಗೆ ತಿನ್ನಿಸದೆ, ಎರಡನ್ನೂ ಅದೇ ಹುಲ್ಲಿನಲ್ಲಿ ಮೇಯಿಸಿ ನೋಡಿದರು. ೧೯೨೮ರ ಪ್ರಬಂಧದ ಪ್ರಕಾರ, ತಿನ್ನಿಸಿದ ಗುಂಪಿನಲ್ಲಿ ನೂರಕ್ಕೆ ೮೦ ಆಕಳುಗಳು ಕರು ಹಾಕಿದುವು. ತಿನ್ನಿಸದ ಗುಂಪಿನಲ್ಲಿ ನೂರಕ್ಕೆ ೫೧. ದನಗಳ ಸಂಖ್ಯೆ ಕಡಿಮೆಯಾಗಲಿಲ್ಲ, ನೆಲ ವಿಸ್ತಾರವಾಗಲಿಲ್ಲ, ತಳಿ ಬದಲಾಗಲಿಲ್ಲ. ಫಲವತ್ತತೆ ಮಾತ್ರ ಬದಲಾಯಿತು. ಮರುವರ್ಷ, ೧೯೨೯ರಲ್ಲಿ, ಜಾನ್ ಬಾಯ್ಡ್ ಆರ್ ಅವರು ಹುಲ್ಲುಗಾವಲುಗಳ ಖನಿಜಾಂಶವನ್ನು ಕುರಿತ ತಮ್ಮ ಗ್ರಂಥದಲ್ಲಿ ಇಂತಹ ಕೊರತೆಗಳು ಅನೇಕ ದೇಶಗಳ ಮೇವುನೆಲಗಳಲ್ಲಿವೆಯೆಂಬುದನ್ನು ನಿರೂಪಿಸಿದರು. ಹುಲ್ಲು ಹೇರಳವಾಗಿದ್ದರೂ ದನ ಕ್ಷಯಿಸುವ ಆಸ್ಟ್ರೇಲಿಯದ ಕೆಲವು ಪ್ರದೇಶಗಳಲ್ಲಿ ಕೋಬಾಲ್ಟಿನ ಅಭಾವವೇ ಕಾರಣವೆಂದು ೧೯೩೫ರಲ್ಲಿ ತಿಳಿದುಬಂತು.

ರಂಜಕದ ಕೊರತೆಯಿಂದ ಆಕಳು ಗೊಡ್ಡಾಗುವ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ರಂಜಕ ಸಾಲದ ಪಶುವಿಗೆ ಮೊದಲು ಹಸಿವು ಕುಂದುತ್ತದೆ. ಎದುರಿಗೆ ಮೇವಿದ್ದರೂ ಅದು ತಿನ್ನುವುದು ಕಡಿಮೆ. ತಿಂದದ್ದನ್ನು ಜೀರ್ಣಿಸುವ ಹೊಟ್ಟೆಯ ಸೂಕ್ಷ್ಮಜೀವಿಗಳಿಗೂ ರಂಜಕ ಬೇಕು. ಇದರಿಂದ ಶರೀರ ಇಳಿಯುತ್ತದೆ. ಅಂಡಾಶಯದ ಕಾರ್ಯ ನಿಂತು ಬೆದೆ ಕಾಣಿಸದೆ ಹೋಗುತ್ತದೆ. ಹಾಲು ಕೊಡುವ ಆಕಳಿನ ಸ್ಥಿತಿ ಇನ್ನೂ ಕಠಿಣ. ಒಂದು ಲೀಟರ್ ಹಾಲಿನೊಡನೆ ಸುಮಾರು ೧ ಗ್ರಾಂ ರಂಜಕವೂ ಅದಕ್ಕಿಂತ ಸ್ವಲ್ಪ ಹೆಚ್ಚು ಕ್ಯಾಲ್ಸಿಯಮ್ಮೂ ಶರೀರದಿಂದ ಹೊರಬೀಳುತ್ತವೆ. ಜೋಳದ ಒಣ ಕಣಿಕಿಯಲ್ಲಿ ರಂಜಕವಿರುವುದು ನೂರಕ್ಕೆ ೦.೧ರ ಆಸುಪಾಸಿನಲ್ಲಿ. ದಿನಕ್ಕೆ ೬ ಕಿಲೋ ಕಣಿಕಿಯನ್ನು ತಿಂದು ೬ ಲೀಟರ್ ಹಾಲು ಕೊಡುವ ಆಕಳಿಗೆ ಕಣಿಕಿಯಲ್ಲಿರುವ ರಂಜಕವೆಲ್ಲ ದಕ್ಕಿದರೂ ಅದು ಹಾಲಿಗೆ ಮಾತ್ರ ಸರಿಹೋಗುತ್ತದೆ. ವಾಸ್ತವದಲ್ಲಿ ಎಲ್ಲವೂ ದಕ್ಕುವುದಿಲ್ಲ, ಶರೀರದ ನಿತ್ಯವ್ಯಯವೂ ಬೇರೆ ಇದೆ. ಉಳಿದುದನ್ನು ಆಕಳು ತನ್ನ ಎಲುಬಿನಿಂದ ತೆಗೆಯುತ್ತದೆ. ಈ ಕೊರತೆಯುಳ್ಳ ಪ್ರದೇಶಗಳಲ್ಲಿ ಆಕಳುಗಳು ಒಂದು ವರ್ಷ ಬಿಟ್ಟು ಒಂದು ವರ್ಷ ಈಯುವುದನ್ನು ಹಲವು ದೇಶಗಳಲ್ಲಿ ಕಂಡಿದ್ದಾರೆ. ಹಾಲು ಬತ್ತಿದ ವರ್ಷದಲ್ಲಿ ಎಲುಬು ತುಂಬಿಕೊಳ್ಳುತ್ತದೆ, ಅನಂತರವೇ ಬೆದೆ ಮರಳುತ್ತದೆ.

ಋತುವಿನ ಪ್ರಭಾವವನ್ನೂ ಇಲ್ಲಿ ಸ್ಮರಿಸಬೇಕು. ಮಳೆಗಾಲದ ಎಳೆಯ ಹುಲ್ಲಿನಲ್ಲಿ ರಂಜಕ ತಕ್ಕಮಟ್ಟಿಗಿರುತ್ತದೆ. ಹುಲ್ಲು ಬಲಿತು ಬೀಜ ಕಟ್ಟಿ ಒಣಗಿದಾಗ ಬಹಳ ಇಳಿಯುತ್ತದೆ. ಮಳೆ ಕೆಲವೇ ತಿಂಗಳಿರುವ ಅಥಣಿಯಂತಹ ಸೀಮೆಯಲ್ಲಿ ಮೇಯುವ ದನವು ವರ್ಷದ ಹೆಚ್ಚಿನ ಕಾಲ ಒಣಹುಲ್ಲನ್ನೇ ತಿನ್ನಬೇಕು. ಸುಣ್ಣದ ಅಂಶ ಹೆಚ್ಚಾಗಿರುವ ಎರಿ ಭೂಮಿಯಲ್ಲಿ ರಂಜಕ ಮತ್ತು ಸತುವು ಮಣ್ಣಿನಲ್ಲಿದ್ದರೂ ಬೇರಿಗೆ ಸುಲಭವಾಗಿ ಸಿಕ್ಕುವುದಿಲ್ಲವೆಂಬುದು ಮಣ್ಣಿನ ಶಾಸ್ತ್ರದ ಸಾಮಾನ್ಯ ಜ್ಞಾನ. ಮಡ್ಡಿಯಲ್ಲಿ ಮಣ್ಣೇ ತೆಳುವು. ಈ ಎರಡು ಕಾರಣಗಳಿಂದ ಹುಲ್ಲಿನ ಗುಣವನ್ನು ಪ್ರಶ್ನಿಸದೆ ಹುಲ್ಲಿನ ಪ್ರಮಾಣವನ್ನು ಮಾತ್ರ ಎಣಿಸುವುದು ಈ ಸೀಮೆಗೆ ವಿಶೇಷವಾಗಿ ಅನುಚಿತ.

೫

ರಾಯಲ್ ಆಯೋಗದ ವಾದಕ್ಕೆ ಹುಲ್ಲಿನ ಗುಣ ಏಕೆ ಗೋಚರಿಸಲಿಲ್ಲ? ಅಂದು ಆ ಜ್ಞಾನ ಹೊಸದಾಗಿತ್ತೆಂಬುದು ಸುಲಭವಾದ ಉತ್ತರ. ಅದು ಸುಳ್ಳೂ ಅಲ್ಲ. ಆದರೆ ಇನ್ನೊಂದು ಉತ್ತರವು ಇತಿಹಾಸದ ಅಭ್ಯಾಸಿಗಳಿಗೆ ಹೆಚ್ಚು ಉಪಯುಕ್ತವಾದುದು. ಯಾವ ವಸ್ತುವಿನ ಮೇಲೆ ತೆರಿಗೆ ಬಿದ್ದಿತೋ, ಯಾವ ವಸ್ತು ಹಡಗನ್ನೇರಿತೋ, ಅದರ ದಾಖಲೆ ಹುಟ್ಟಿತು. ದನಗಳಿಗೆ ಬೇಕಾದ ಖನಿಜಗಳಲ್ಲಿ ಉಪ್ಪು ಒಂದು. ೧೯೪೭ರಲ್ಲಿ ತೆರಿಗೆ ರದ್ದಾಗುವವರೆಗೆ ಉಪ್ಪನ್ನು ಕುರಿತು ಸರಕಾರಕ್ಕೂ ಜನರಿಗೂ ನಡೆದ ವಾದವಿವಾದಗಳು ಸಂಪುಟಗಟ್ಟಲೆ ಇವೆ. ದನಗಳಿಗೆ ಉಪ್ಪು ಸಾಲದಾಗಿದೆಯೆಂಬ ದೂರೂ ಆ ವಿವಾದದ ಒಂದು ಅಂಗವಾಗಿತ್ತು. ರಂಜಕಕ್ಕೆ ತೆರಿಗೆ ಇರಲಿಲ್ಲ. ಆದುದರಿಂದ ಅದಕ್ಕೆ ಇತಿಹಾಸವೂ ಇಲ್ಲದಂತಾಯಿತು.

ಆದರೂ ರಂಜಕವು ಬೇರೊಂದು ಹೆಸರಿನಿಂದ ದಾಖಲೆಗಳಲ್ಲಿ ಅಡಗಿದೆ. ಆ ಹೆಸರು ಎಲುಬು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಹಳ್ಳಿಗಳಲ್ಲಿ ಸತ್ತ ದನಗಳ ಎಲುಬುಗಳನ್ನು ಆಯಿಸಿ, ರೈಲಿನಿಂದ ಬಂದರಿಗೆ ಸಾಗಿಸಿ, ಗೊಬ್ಬರಕ್ಕಾಗಿ ಹೊರದೇಶಗಳಿಗೆ ಕಳುಹಿಸುವ ವ್ಯಾಪಾರ ಬೆಳೆದಿತ್ತು. ಭಾರತದ ಕೃಷಿಯನ್ನು ಪರಿಶೀಲಿಸಿ ೧೮೯೩ರಲ್ಲಿ ವರದಿಯನ್ನು ಪ್ರಕಟಿಸಿದ ರಸಾಯನಶಾಸ್ತ್ರಜ್ಞ ಜಾನ್ ಅಗಸ್ಟಸ್ ವೋಲ್ಕರ್ ಈ ರಫ್ತನ್ನು ಚರ್ಚಿಸಿದ್ದಾರೆ. ೧೯೨೮ರ ಆಯೋಗವೂ ಚರ್ಚಿಸಿದೆ. ಆದರೆ ಎಲುಬಿನ ಚರ್ಚೆ ಬಂದಿರುವುದು ಗೊಬ್ಬರದ ಪ್ರಕರಣದಲ್ಲಿ. ಆಕಳಿನ ಗೊಡ್ಡುತನದ ಚರ್ಚೆ ಬಂದಿರುವುದು ಪಶುಪಾಲನೆಯ ಅಧ್ಯಾಯದಲ್ಲಿ. ಪ್ರಸಿದ್ಧವಾದ ಆ ಚಕ್ರದ ವರ್ಣನೆಯಲ್ಲಿ ಎಲುಬಿಗೆ ಸ್ಥಾನವಿಲ್ಲ. ಅದೇ ವರ್ಷ ದಕ್ಷಿಣ ಆಫ್ರಿಕೆಯ ಪ್ರಯೋಗದಲ್ಲಿ ಆಕಳುಗಳ ಬಸಿರಿಗೆ ನೆರವಾದ ವಸ್ತು ಎಲುಬಿನ ಹಿಟ್ಟು. ನಮ್ಮ ದೇಶದ ಬಂದರುಗಳಿಂದ ಹೊರಗೆ ಹೋಗುತ್ತಿದ್ದ ವಸ್ತುವೂ ಅದೇ. ವರದಿಯೊಳಗಿನ ಎರಡು ಅಧ್ಯಾಯಗಳನ್ನು ಜೋಡಿಸಿ ಓದಿದ್ದರೆ ನಮ್ಮ ಆರ್ಥಿಕ ಇತಿಹಾಸಕಾರರಿಗೆ ಈ ಸಂಬಂಧ ಹೊಳೆಯಬಹುದಾಗಿತ್ತು. ಮೇವುನೆಲದಿಂದ ಹಾಲಿನ ರೂಪದಲ್ಲಿ, ಸಗಣಿಯ ರೂಪದಲ್ಲಿ, ಕೊನೆಗೆ ಎಲುಬಿನ ರೂಪದಲ್ಲಿ ರಂಜಕವು ಹೊರಹೋಗುತ್ತದೆ. ಗಾಯರಾಣಕ್ಕೆ ಗೊಬ್ಬರ ಹಾಕುವವರು ಯಾರೂ ಇಲ್ಲವಾದುದರಿಂದ ಅದು ಮರಳಿ ಬರುವುದಿಲ್ಲ.

ದನಗಳಿಗೆ ಎಲುಬಿನ ಹಿಟ್ಟನ್ನು ತಿನ್ನಿಸಬೇಕಾಗಿತ್ತೆಂದು ಇದರ ಅರ್ಥವಲ್ಲ. ನಮ್ಮ ಜನರಿಗೆ ಅದು ರುಚಿಸುವ ಮಾತಲ್ಲ. ಹುಚ್ಚು ಹಸುವಿನ ರೋಗ ತಲೆದೋರಿದ ಮೇಲೆ ಬ್ರಿಟನ್ ದೇಶವೂ ೧೯೮೮ರಲ್ಲಿ ಮೆಲುಕುಹಾಕುವ ಪಶುಗಳಿಗೆ ಅಂತಹ ಪಶುಗಳ ಮಾಂಸ-ಎಲುಬಿನ ಹಿಟ್ಟನ್ನು ತಿನ್ನಿಸುವುದನ್ನು ನಿಷೇಧಿಸಿತು. ಇಂದು ಡೈಕ್ಯಾಲ್ಸಿಯಂ ಫಾಸ್ಫೇಟಿನಂತಹ ಲವಣಗಳು ಆ ಕೆಲಸವನ್ನು ಮಾಡುತ್ತವೆ. ಗೋದಿಯ ಬೂಸಾ ಮತ್ತು ಎಣ್ಣೆಬೀಜಗಳ ಹಿಂಡಿ ರಂಜಕದಲ್ಲಿ ಸಮೃದ್ಧವಾಗಿವೆಯೆಂಬುದೂ ತಿಳಿದ ವಿಷಯ. ನಮ್ಮ ಹಿರಿಯರು ಕರೆಯುವ ಎಮ್ಮೆ ಆಕಳುಗಳಿಗೆ ಹಿಂಡಿಯನ್ನಿಡುತ್ತಿದ್ದುದರಲ್ಲಿ ಹಾಲಿನ ಆಸೆಯಿದ್ದರೂ ಬಸಿರಿಗೂ ಅದು ಸಹಾಯಕವಾಗಿತ್ತು. ಹಿಂಡಿ ಸಿಕ್ಕದೆ ಮಡ್ಡಿಗೆ ಹೋದದ್ದು ಕರೆಯದ ಆಕಳು. ಗೊಡ್ಡೆಂಬ ಹೆಸರು ಬಂದದ್ದೂ ಬಹುಶಃ ಅದಕ್ಕೇ.

ಕನ್ನಡದಲ್ಲಿ ಈ ವಿಷಯದ ಹಳೆಯ ಶಾಸ್ತ್ರವೊಂದಿದೆಯೆಂಬುದನ್ನು ವಾಚಕರು ಬಲ್ಲರು. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ರಚಿಸಿದ ‘ಗೋವೈದ್ಯ’ವು ಔಷಧಗಳೊಡನೆ ಮಂತ್ರಗಳನ್ನೂ ಬೆರೆಸಿ ಹೇಳುವ ಗ್ರಂಥ. ಆಧುನಿಕ ಪಶುವೈದ್ಯಕ್ಕೆ ಅದು ಪ್ರಮಾಣವಾಗಲಾರದು. ಆದರೆ ಅದರ ದೃಷ್ಟಿ ಗಮನಾರ್ಹವಾದುದು: ಅಲ್ಲಿ ಆಕಳು ಒಂದು ರೋಗಿ. ಭೂಮಾಪನದ ದಾಖಲೆಯಲ್ಲಿ ಆಕಳಿಲ್ಲ, ನೆಲವಿದೆ. ಆಯೋಗದ ವರದಿಯಲ್ಲಿ ಆಕಳು ಒಂದು ಅಂಕೆ. ಮೂರು ಬಗೆಯ ದಾಖಲೆಗಳೂ ಒಂದೊಂದನ್ನು ಕಂಡುವು, ಒಂದೊಂದನ್ನು ಬಿಟ್ಟುವು. ಯಾವುದೊಂದನ್ನೇ ನೆಚ್ಚಿ ಬರೆದ ಇತಿಹಾಸವು ಅಪೂರ್ಣವಾಗದೆ ಇರಲಾರದು.

೬

ಇಷ್ಟು ಹೇಳಿದ ಮೇಲೆ ಎದುರುಪಕ್ಷದ ಮಾತನ್ನೂ ಕೇಳಬೇಕು. ಸಂಖ್ಯೆಯ ಚಕ್ರವನ್ನು ಕೈಬಿಟ್ಟು ಖನಿಜದ ಚಕ್ರವೊಂದನ್ನು ಅದರ ಸ್ಥಾನದಲ್ಲಿ ಕೂರಿಸಿದರೆ ಹಳೆಯ ತಪ್ಪನ್ನೇ ಹೊಸ ಹೆಸರಿನಿಂದ ಮಾಡಿದಂತಾಗುತ್ತದೆ. ಥೈಲರ್ ಅವರ ಅಂಕೆಗಳು ತೀವ್ರವಾದ ಕೊರತೆಯುಳ್ಳ ನೆಲದವು. ಕೊರತೆಯಿಲ್ಲದ ಕಡೆ ರಂಜಕವನ್ನು ಹೆಚ್ಚಿಸಿದ ಮಾತ್ರಕ್ಕೆ ಫಲವತ್ತತೆ ಹೆಚ್ಚುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವೂ ಮತ್ತು ಸ್ಯಾಟರ್ ಎಂಬ ವಿಜ್ಞಾನಿಗಳು ೨೦೦೦ದಲ್ಲಿ ಪ್ರಕಟಿಸಿದ ಎರಡು ವರ್ಷಗಳ ಪ್ರಯೋಗದಲ್ಲಿ, ಅವಶ್ಯಕತೆಗೆ ಸಾಕಾಗುವಷ್ಟು ರಂಜಕ ತಿಂದ ಹಾಲಿನ ಆಕಳುಗಳಿಗಿಂತ ಅಧಿಕ ರಂಜಕ ತಿಂದವು ಗರ್ಭಧಾರಣದಲ್ಲಿ ಮೇಲಾಗಲಿಲ್ಲ. ಒಂದು ಖನಿಜದ ಆಧಿಕ್ಯವು ಇನ್ನೊಂದರ ಅಭಾವಕ್ಕೆ ಕಾರಣವಾಗುವುದೂ ಉಂಟು. ಇಂಗ್ಲೆಂಡಿನ ಸಾಮರ್‌ಸೆಟ್ ಪ್ರಾಂತದ ಕೆಲವು ಸಮೃದ್ಧ ಹುಲ್ಲುಗಾವಲುಗಳಲ್ಲಿ ದನಗಳು ಭೇದಿಯಿಂದ ಸೊರಗುವುದಕ್ಕೆ ಹುಲ್ಲಿನಲ್ಲಿ ಮಾಲಿಬ್ಡಿನಮ್ಮಿನ ಆಧಿಕ್ಯ ಕಾರಣವೆಂದು ೧೯೩೮ರಲ್ಲಿ ಗೊತ್ತಾಯಿತು. ಅದಕ್ಕೆ ಪರಿಹಾರವಾಗಿ ಒದಗಿದ್ದು ತಾಮ್ರ.

ಇದಲ್ಲದೆ ಗೊಡ್ಡುತನಕ್ಕೆ ಖನಿಜೇತರ ಕಾರಣಗಳು ಅನೇಕ ಇವೆ: ಒಟ್ಟು ಆಹಾರದ ಕೊರತೆ, ಗರ್ಭಕೋಶದ ಸೋಂಕು, ಕಂದುರೋಗದಂತಹ ಸಾಂಕ್ರಾಮಿಕಗಳು, ಬೇಸಗೆಯ ತಾಪ, ಬೆದೆಯನ್ನು ಗುರುತಿಸುವಲ್ಲಿ ತಪ್ಪು. ಬೇಸಗೆಯಲ್ಲಿ ಎಮ್ಮೆಗೆ ಬರುವ ಮೂಕಬೆದೆಯನ್ನು ಮನೆಯವರು ಕಾಣದೆ ಹೋದರೆ, ತಪ್ಪು ಎಮ್ಮೆಯದೂ ಅಲ್ಲ, ಹುಲ್ಲಿನದೂ ಅಲ್ಲ. ರಾಯಲ್ ಆಯೋಗವು ಹೇಳಿದ ಸಾಮಾನ್ಯ ಹಸಿವನ್ನು ನಾವು ತಿರಸ್ಕರಿಸುವಂತೆಯೇ ಇಲ್ಲ. ರಂಜಕದ ಕೊರತೆಯು ಬಹುಮಟ್ಟಿಗೆ ಹಸಿವನ್ನು ಕುಂದಿಸುವ ಮೂಲಕವೇ ಕೆಲಸ ಮಾಡುತ್ತದೆಯಾದುದರಿಂದ, ಎರಡು ಕಾರಣಗಳೂ ಒಂದೇ ಆಕಳಿನಲ್ಲಿ ಸೇರಿಕೊಂಡಿರಬಹುದು.

ಈ ಎಚ್ಚರಿಕೆ ಇಂದಿನ ಸತ್ತಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನದಿಯ ನೀರನ್ನೆತ್ತುವ ಯಂತ್ರಗಳೂ ಸಕ್ಕರೆ ಕಾರ್ಖಾನೆಗಳೂ ಬಂದ ಬಳಿಕ ಕೃಷ್ಣೆಯ ದಡದ ಎರಿಯಲ್ಲಿ ಕಬ್ಬು ಹಬ್ಬಿದೆ. ದನ ಮಡ್ಡಿಗೆ ಹೋಗುವುದು ಕಡಿಮೆಯಾಗಿ ಕೊಟ್ಟಿಗೆಯಲ್ಲಿ ನಿಂತು ಮೇಯುವುದು ಹೆಚ್ಚಾಗಿದೆ. ಕಬ್ಬು ಕಡಿಯುವ ತಿಂಗಳುಗಳಲ್ಲಿ ಅದರ ಹಸಿ ಸೋಗೆಯೇ ಮುಖ್ಯ ಮೇವು. ಸೋಗೆಯಿಂದ ಹೊಟ್ಟೆ ತುಂಬುತ್ತದೆ. ಸಂಖ್ಯೆ ಮತ್ತು ರಾಶಿಯ ಲೆಕ್ಕದಲ್ಲಿ ಮೇವಿನ ಸಮಸ್ಯೆ ತೀರಿದಂತೆಯೇ ಕಾಣುತ್ತದೆ. ಆದರೆ ಸೋಗೆಯಲ್ಲಿ ಸಸಾರಜನಕವೂ ರಂಜಕವೂ ಕಡಿಮೆ. ಅದರಲ್ಲಿರುವ ಆಕ್ಸಲೇಟು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಶರೀರಕ್ಕೆ ದಕ್ಕದಂತೆ ಮಾಡುತ್ತದೆ. ನೀರು ಹೆಚ್ಚಾಗಿ ಸವಳು-ಜವಳಾದ ಹೊಲಗಳ ಮೇವಿನ ಪ್ರಶ್ನೆ ಮತ್ತೊಂದು. ಹೀಗೆ ಗಾಯರಾಣದ ಕಾಲದ ಗೊಡ್ಡುತನಕ್ಕೂ ಕಬ್ಬಿನ ಕಾಲದ ಗೊಡ್ಡುತನಕ್ಕೂ ಹೆಸರು ಒಂದೇ ಆದರೂ ಕಾರಣ ಒಂದೇ ಆಗಬೇಕಾಗಿಲ್ಲ. ೧೯೯೫ರಿಂದ ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ದೇಶಕ್ಕೆಲ್ಲ ಒಂದೇ ಖನಿಜ ಮಿಶ್ರಣದ ಬದಲು ಆಯಾ ಪ್ರದೇಶದ ಮಣ್ಣು ಮೇವುಗಳನ್ನು ಪರೀಕ್ಷಿಸಿ ಅಲ್ಲಿಗೆ ತಕ್ಕ ಮಿಶ್ರಣವನ್ನು ರೂಪಿಸುವ ಕ್ರಮವನ್ನು ಬೆಳೆಸಿದ್ದು ಈ ತತ್ತ್ವವನ್ನು ಅನುಸರಿಸಿಯೇ. ಪ್ರದೇಶಭೇದವನ್ನು ವಿಜ್ಞಾನಿಗಳು ಒಪ್ಪಿಕೊಂಡಿರುವಾಗ ಇತಿಹಾಸಕಾರರು ಅಖಿಲ ಭಾರತದ ಒಂದೇ ಚಕ್ರಕ್ಕೆ ಅಂಟಿಕೊಂಡಿರುವುದು ಶೋಭಿಸುವುದಿಲ್ಲ.

೭

ಉಪಸಂಹಾರವಾಗಿ ನಮ್ಮ ನಿರ್ಣಯವನ್ನು ಹೇಳಬಹುದು. ೧೯೨೮ರ ಆಯೋಗದ ವಾದವು ರೈತನ ನಡತೆಯ ವಿವರಣೆಯಾಗಿ ಇಂದಿಗೂ ಬೆಲೆಯುಳ್ಳದ್ದು. ಆಕಳಿನ ಗೊಡ್ಡುತನದ ವಿವರಣೆಯಾಗಿ ಅಪೂರ್ಣವಾದದ್ದು. ಮೇವನ್ನು ಅದು ಕೇವಲ ಪ್ರಮಾಣವೆಂದು ಭಾವಿಸಿತು. ಆ ಮೇವು ಬೆಳೆದ ಮಣ್ಣು ಹೇಗೆ ದನಗಳ ಪಾಲಿಗೆ ಬಂತೆಂಬುದನ್ನು ಕೇಳಲಿಲ್ಲ. ಇದರ ಫಲವಾಗಿ ಮುಂದಿನ ಚರ್ಚೆಯಲ್ಲಿ ದೋಷವೆಲ್ಲ ದನ ಕಟ್ಟಿದವನ ಮೇಲೆ ಬಿತ್ತು. ಒಳ್ಳೆಯ ಮಣ್ಣನ್ನು ಕಂದಾಯಕ್ಕೂ ಬಡ ಮಣ್ಣನ್ನು ಹುಲ್ಲಿಗೂ ಹಂಚಿದ ವ್ಯವಸ್ಥೆಯು ವಿಚಾರಣೆಯಿಂದ ಪಾರಾಯಿತು.

ಈ ಕೊರತೆಯನ್ನು ತುಂಬುವುದು ಇತಿಹಾಸ ವಿಭಾಗಗಳ ಕೈಮೀರಿದ ಕೆಲಸವೇನೂ ಅಲ್ಲ. ಒಂದು ಗ್ರಾಮವನ್ನು ಆರಿಸಿಕೊಂಡು, ಭೂಮಾಪನದ ಹಳೆಯ ದರ್ಜೆಪಟ್ಟಿಗಳಿಂದ ಗಾಯರಾಣದ ಸುತ್ತಲಿನ ಮಣ್ಣಿನ ಗುಣವನ್ನು ಗುರುತಿಸಬಹುದು. ಆ ಗಾಯರಾಣ ಯಾವಾಗ ಎಷ್ಟು ಕುಗ್ಗಿತೆಂಬುದನ್ನು ಕಂದಾಯದ ಕಾಗದಗಳಿಂದ ತಿಳಿಯಬಹುದು. ಪಶುಚಿಕಿತ್ಸಾಲಯದ ನೋಂದಣಿಗಳಲ್ಲಿ ಗರ್ಭಧಾರಣದ ವಿವರಗಳನ್ನು ನೋಡಬಹುದು. ಹಳೆಯ ದನಗಾಹಿಗಳನ್ನು ಕಂಡು ಆಕಳು ಎಷ್ಟು ವರ್ಷಕ್ಕೊಮ್ಮೆ ಈಯುತ್ತಿತ್ತು, ಎಲ್ಲಿ ಮೇಯುತ್ತಿತ್ತು, ಎಲುಬು ಕಡಿಯುತ್ತಿತ್ತೆ ಎಂದು ಕೇಳಬಹುದು. ಇತಿಹಾಸದ ಅಧ್ಯಾಪಕನು ಪಶುವೈದ್ಯನಲ್ಲ. ಮಣ್ಣನ್ನೂ ರಕ್ತವನ್ನೂ ಪರೀಕ್ಷಿಸುವ ಕೆಲಸ ಅವನದಲ್ಲ. ಆದರೆ ಎಲ್ಲಿಯ ಮಣ್ಣನ್ನು ಪರೀಕ್ಷಿಸಬೇಕೆಂದು ಪಶುವೈದ್ಯನಿಗೆ ಅವನು ಹೇಳಬಲ್ಲನು. ಗಾಯರಾಣಗಳು ಒಂದೊಂದಾಗಿ ಮರೆಯಾಗುತ್ತಿವೆ. ಅವುಗಳಲ್ಲಿ ದನ ಕಾಯ್ದ ಜನರೂ ವೃದ್ಧರಾಗುತ್ತಿದ್ದಾರೆ. ಆದುದರಿಂದ ಈ ಕೆಲಸವನ್ನು ಬೇಗನೆ ಆರಂಭಿಸುವುದು ಒಳ್ಳೆಯದು. ಸತ್ತಿಯ ಸೀಮೆಯಿಂದ ಆರಂಭಿಸಿದರೆ, ಎರಿ, ಮಡ್ಡಿ, ಕಬ್ಬು ಈ ಮೂರೂ ಒಂದೇ ಗ್ರಾಮದ ಎಲ್ಲೆಯೊಳಗೆ ದೊರೆಯುವ ಅನುಕೂಲವಿದೆ.